ಹೊತ್ತು ಮುಳುಗಿದ ಮೇಲಿನ ಮಾತ್ರೆ

ನನ್ನ ಎಡಗಣ್ಣಿನ ರೆಪ್ಪೆ ಜೋತುಬಿದ್ದದ್ದನ್ನು ನಾನು ಮೊದಲು ನೋಡಿದ್ದು ಬಸದಿಯ ಕಂಬದಲ್ಲಿ. ಹಳೇಬೀಡಿಗೆ ಅಂಟಿಕೊಂಡೇ ಇರುವ ಬಸ್ತಿಹಳ್ಳಿಯ ಬಸದಿಯಲ್ಲಿ ನುಣ್ಣಗೆ ಕಡೆದ ಕರೀ ಕಂಬಗಳಿವೆ. ಹತ್ತಿರ ನಿಂತರೆ ಮುಖ ಕಾಣುತ್ತದೆ, ಒಂದರಲ್ಲಿ ಉದ್ದಕ್ಕೆ, ಒಂದರಲ್ಲಿ ಅಡ್ಡಕ್ಕೆ. ಮದುವೆಯಾಗಿ ಆ ಊರಿಗೆ ಬಂದ ಹೊಸತು. ಸಂಜೆ ದರ್ಶನಕ್ಕೆ ಹೋದವಳು ಕಂಬದಲ್ಲಿ ನೋಡಿಕೊಂಡರೆ ಒಂದು ಕಣ್ಣು ಅರ್ಧ ಮುಚ್ಚಿದೆ. ಕಂಬದ ಆಟ ಇರಬೇಕು ಅಂದುಕೊಂಡು ಪಕ್ಕದ ಕಂಬಕ್ಕೆ ಹೋದೆ. ಅಲ್ಲೂ ಹಾಗೇ. ಹಿಂದೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ಏನೇ, ಕಂಬಕ್ಕೆ ಕಣ್ಣು ಹೊಡೀತಿದ್ದೀಯಾ?" ಅಂದಳು. ಎಲ್ಲರೂ ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಬೆಳಿಗ್ಗೆ ಎದ್ದು ನೋಡಿದರೆ ಕಣ್ಣು ಸರಿಯಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗಳು. ನಮ್ಮ ಮಂಡಿಯ ಹಿಂದೆಯೇ ಮನೆ. ಹಮಾಲರ ಕೂಗಾಟ, ದಲ್ಲಾಳಿಗಳ ಜಗಳ, ರೈಲಿನ ಸೀಟಿ, ಇವುಗಳ ಮಧ್ಯೆ ಬೆಳೆದವಳಿಗೆ ಮೆತ್ತಗೆ ಮಾತಾಡಲು ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಪಿಯುಸಿ ಬೇರೆ ಪಾಸು ಮಾಡಿದ್ದೆ. ಗಂಡನ ಮನೆಯಲ್ಲಿ ಇದ್ದವರು ಇಬ್ಬರೇ, ಅತ್ತೆ ಮತ್ತು ಅತ್ತೆಯ ಮಗ. ಮಾವ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು, ಪುಣ್ಯವಂತರು. ನಮ್ಮನೆಯವರಿಗೆ ಪೇಟೆಯಲ್ಲಿ ಜವಳಿ ಅಂಗಡಿ. ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಸಿಟ್ಟು, ಮಡಿಸಿಟ್ಟು, ಅವರೂ ಹಾಗೇ ಆಗಿದ್ದರು. ಯಾರು ಹೇಗೆ ಮಡಿಸಿದರೆ ಹಾಗೆ ಮಡಿಯುವುದು. ಮನೆಯಲ್ಲಿ ಮಡಿಸುವವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಅನ್ನುವುದು ನಮ್ಮ ಜೈನರ ಮನೆಗಳಲ್ಲಿ ಎಲ್ಲರೂ ನಡೆಸುವುದೇ. ನಮ್ಮ ತವರಿನಲ್ಲೂ ದೀಪ ಹಚ್ಚುವ ಮುಂಚೆ ಅಡಿಗೆಮನೆ ತೊಳೆದಾಗುತ್ತಿತ್ತು. ಆದರೆ ಮಗುವಿಗೆ ಬಾಯಾರಿದರೆ, ಯಾರಿಗಾದರೂ ಜ್ವರ ಬಂದರೆ, ಕಾಯಿಸಿದ ನೀರು ಕೊಡುತ್ತಿದ್ದರು, ಅದರಿಂದ ಯಾರ ಧರ್ಮವೂ ಕೆಟ್ಟಿರಲಿಲ್ಲ. ಅತ್ತೆಯದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಹಿತ್ತಿಲಲ್ಲಿ ಒಂದು ಎತ್ತರದ ತೆಂಗಿನಮರ ಇತ್ತು. ಅದರ ಸುಳಿಯ ಮೇಲಿಂದ ಬಿಸಿಲು ಜಾರಿತೋ, ಮನೆಯಲ್ಲಿ ಯಾರ ಗಂಟಲಿಗೂ ಒಂದು ತೊಟ್ಟು ನೀರು ಇಳಿಯುವಂತಿರಲಿಲ್ಲ. ದಿನಾ ಸಂಜೆ ಹಿತ್ತಿಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕತ್ತೆತ್ತಿ ಮರ ನೋಡಿ ಬರುತ್ತಿದ್ದರು. ಸೂರ್ಯನನ್ನು ಇಳಿಸುವ ಕೆಲಸ ತಮಗೇ ವಹಿಸಿದ್ದಾರೆ ಅನ್ನುವ ಹಾಗೆ ಇರುತ್ತಿತ್ತು ಆ ಮುಖ.

ನನಗೆ ಕಷ್ಟ ಶುರುವಾಗುತ್ತಿದ್ದದ್ದೇ ಆ ಹೊತ್ತಿಗೆ. ಬೆಳಿಗ್ಗೆ ನೀರು ಸೇದಿ, ರುಬ್ಬಿ, ಬಟ್ಟೆ ಒಗೆದು ಎಲ್ಲ ಮಾಡುತ್ತಿದ್ದೆ. ಮಧ್ಯಾಹ್ನ ದಾಟಿದರೆ ಮೈ ಕರಗಿಹೋದ ಹಾಗೆ. ಸಂಜೆ ಊಟಕ್ಕೆ ಕೂತರೆ ನಾಲ್ಕು ತುತ್ತಿಗೆ ದವಡೆ ನಿಂತುಬಿಡುತ್ತಿತ್ತು. ಎಡಗೈಯಿಂದ ಗದ್ದ ಎತ್ತಿ ಹಿಡಿದುಕೊಂಡು ಅಗಿಯುತ್ತಿದ್ದೆ. ನೀರು ಕುಡಿದರೆ ಮೂಗಿನಿಂದ ವಾಪಸ್ಸು ಬರುತ್ತಿತ್ತು. ಮಾತು ಮೂಗಿಗೆ ಏರಿ, ಕೊನೆಗೆ ದನಿಯೇ ಅಡಗಿಹೋಗುತ್ತಿತ್ತು. ಅತ್ತ ಮರದ ಮೇಲೆ ಬಿಸಿಲು ಆರುತ್ತಿದೆ, ಇತ್ತ ನನ್ನ ಎಲೆಯಲ್ಲಿ ಅನ್ನ ಹಾಗೇ ಇದೆ. ಅತ್ತೆ ಬಂದು ಎಲೆ ಎತ್ತಿಬಿಡುತ್ತಿದ್ದರು.

"ಬೆಳಿಗ್ಗೆ ಇವಳ ಬಾಯಿ ಬೀದಿಗೆಲ್ಲ ಕೇಳುತ್ತೆ. ಸಂಜೆ ಪಾತ್ರೆ ತಿಕ್ಕೋ ಹೊತ್ತಿಗೆ ಕಣ್ಣು ಮುಚ್ಚುತ್ತೆ. ನಾನು ಕಾಣದ ಸೋಗಾ ಇದು?" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಉತ್ತರ ಕೊಡಲು ನಾಲಿಗೆ ಏಳುತ್ತಿರಲಿಲ್ಲ. ಹಾಗಾಗಿ ಜಗಳವನ್ನೆಲ್ಲ ಕೂಡಿಟ್ಟುಕೊಂಡು ಮಾರನೇ ದಿನ ಬೆಳಿಗ್ಗೆ ತೆಗೆಯುತ್ತಿದ್ದೆ. ಹಲ್ಲುಜ್ಜಿದ ಕೂಡಲೇ ಶುರು. "ನಿನ್ನೆ ಸಂಜೆ ಏನಂದ್ರಿ ಅತ್ತೆ? ಈಗ ಹೇಳಿ ನೋಡೋಣ." ಅವರು ಮಗನ ಕಡೆ ತಿರುಗಿ, "ನೋಡಿದ್ಯೇನೋ, ಎಷ್ಟು ಶಕ್ತಿ ಇದೆ!" ಅನ್ನುತ್ತಿದ್ದರು. ಅಯ್ಯೋ, ನನ್ನ ಬಾಯೇ ನನಗೆ ವಿರುದ್ಧ ಸಾಕ್ಷಿಯಾಗಿತ್ತು. ನಮ್ಮನೆಯವರು ಕಾಫಿ ಲೋಟದೊಳಗೆ ಏನೋ ಬಿದ್ದಿದೆ ಅನ್ನುವ ಹಾಗೆ ನೋಡುತ್ತ ಕೂತಿರುತ್ತಿದ್ದರು.

ಬೇಲೂರಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಬೆಳಗಿನ ಬಸ್ಸು ಹತ್ತಿ, ಹಗರೆಯಲ್ಲಿ ಹಾಲಿನ ಕ್ಯಾನುಗಳ ಪಕ್ಕ ಕೂತು ಹೋಗುವುದು. ಬೆಳಿಗ್ಗೆ ನನಗೆ ಏನೂ ಇರುವುದಿಲ್ಲ. ಸಂಜೆ ಬಂದು ನೋಡಿ ಅಂತ ನಾನು ಹೇಳಿದ್ದನ್ನು ಆ ಮಹಾನುಭಾವರು ಕೇಳಿಸಿಕೊಳ್ಳಲೇ ಇಲ್ಲ. ನನ್ನ ನಾಡಿ ಹಿಡಿದುಕೊಂಡು ನಮ್ಮನೆಯವರ ಹತ್ತಿರ ಮಾತಾಡಿದರು. ಕೆಂಪು ಬಣ್ಣದ ಶಕ್ತಿ ಇಂಜೆಕ್ಷನ್ ಚುಚ್ಚಿದರು. ಆಮೇಲೆ ದನಿ ತಗ್ಗಿಸಿ "ಹಿಸ್ಟೀರಿಯಾ" ಅಂದರು. ನನಗೆ ಇಂಗ್ಲಿಷು ಬರುವುದಿಲ್ಲ ಅಂತ ಅವರ ಎಣಿಕೆ. "ಒಂದು ಮಗು ಆಗಲಿ ಬಿಡಿ, ಎಲ್ಲ ಸರಿಹೋಗುತ್ತೆ" ಅಂತ ಬೆನ್ನು ತಟ್ಟಿ ಕಳಿಸಿದರು. ಬೆನ್ನು ಸಹ ನಮ್ಮನೆಯವರದೇ.

ಹುಲಿಕೆರೆಯಲ್ಲಿ ನೆಂಟರೊಬ್ಬರ ಮದುವೆಗೆ ಹೋದಾಗ ನಡೆದದ್ದು ಕೇಳಿ. ಅಲ್ಲಿನ ಹಳೇ ಕೊಳಕ್ಕೆ ಸುತ್ತಲೂ ಕಲ್ಲಿನ ಮೆಟ್ಟಿಲು. ಸಂಜೆ ಹೆಂಗಸರೆಲ್ಲ ಕಾಲು ತೊಳೆಯಲು ಇಳಿದರು, ನಾನೂ ಇಳಿದೆ. ಇಳಿಯುವುದೇನೋ ಇಳಿದೆ, ಹತ್ತಲು ಆಗಲಿಲ್ಲ. ಕಾಲು ಎತ್ತಿದರೆ ಮೇಲಿನ ಮೆಟ್ಟಿಲವರೆಗೆ ಹೋಗುವುದೇ ಇಲ್ಲ. ನೀರಿನ ಪಕ್ಕ ಕುಸಿದು ಕೂತೆ. ಮೇಲೆ ಅತ್ತೆ, ಅತ್ತೆಯ ಮಗ, ಮದುವೆಗೆ ಬಂದ ಅರ್ಧ ಜನ ಸಾಲಾಗಿ ನಿಂತು ನೋಡುತ್ತಿದ್ದರು. "ಕರೀಲಾ ಅಮ್ಮಾ?" ಅಂತ ನಮ್ಮನೆಯವರು ಕೇಳಿದ್ದು, "ಹಸಿವಾದರೆ ತಾನೇ ಬರ್ತಾಳೆ ಬಿಡೋ" ಅಂತ ಅತ್ತೆ ಹೇಳಿದ್ದು, ಎರಡೂ ನನಗೆ ಕೆಳಗೆ ಚೆನ್ನಾಗಿ ಕೇಳಿಸಿತು. ಕೊನೆಗೆ ಅಡಿಗೆಯವರು ಇಬ್ಬರು ಇಳಿದು ಬಂದು ಹೊತ್ತುಕೊಂಡು ಹೋದರು. ಆ ಸುದ್ದಿ ಅರಸೀಕೆರೆಗೆ ಮುಟ್ಟಿ, ಮೂರನೇ ದಿನಕ್ಕೆ ಅಪ್ಪ ಬಂದು ಬಾಗಿಲಲ್ಲಿ ನಿಂತರು. ನೀರು ಸಹ ಕುಡಿಯದೆ, "ಹೊರಡು ತಾಯಿ, ಬೆಂಗಳೂರಿಗೆ ಹೋಗಿ ತೋರಿಸೋಣ" ಅಂದರು. ಮರ್ಯಾದೆ ಪ್ರಶ್ನೆ ಅಂತ ನಮ್ಮನೆಯವರೂ ಅಂಗಡಿಗೆ ಬೀಗ ಹಾಕಿ ಹಿಂದೆ ಬಂದರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನರಗಳ ಡಾಕ್ಟರು ಒಬ್ಬ ಹೆಂಗಸು. ಗಂಟು ಮುಖ, ಗಂಟು ಹಾಕಿದ ಕೂದಲು. ಬೆಳಿಗ್ಗೆ ನನ್ನನ್ನು ನೋಡಿ, "ಯಾವಾಗ ಜಾಸ್ತಿ?" ಅಂದರು. ಸಂಜೆ ಅಂದೆ. "ಹಾಗಾದರೆ ಸಂಜೆ ಬರ್ತೀನಿ" ಅಂದರು. ನನಗೆ ಅಲ್ಲೇ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಇಷ್ಟು ಸಣ್ಣ ಮಾತು ಯಾವ ಗಂಡಸಿನ ತಲೆಗೂ ಹೊಳೆದಿರಲಿಲ್ಲ.

ಸಂಜೆ ಬಂದು, ರೆಪ್ಪೆ ಬಡಿಯದೆ ಸೂರು ನೋಡು ಅಂದರು. ನೋಡುತ್ತಿದ್ದ ಹಾಗೇ ಎರಡು ರೆಪ್ಪೆಯೂ ಅಂಗಡಿ ಬಾಗಿಲಿನಂತೆ ಇಳಿದವು. ತೋಳಿಗೆ ಒಂದು ಇಂಜೆಕ್ಷನ್ ಕೊಟ್ಟರು. ಕಾಫಿ ಕುಡಿದು ಬರುವಷ್ಟು ಹೊತ್ತು ಆಗಿರಬೇಕು, ರೆಪ್ಪೆ ಎದ್ದವು. ಕತ್ತು ನೆಟ್ಟಗಾಯಿತು. ಗಂಟಲಿಂದ ದನಿ ಬಂತು, ಬೆಳಗಿನ ದನಿ, ಮಂಡಿಯ ದನಿ. ಅಪ್ಪ ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನು ನಮ್ಮನೆಯವರ ಕಡೆ ತಿರುಗಿ, "ಏನ್ರೀ, ಸೋಗು ಬಿಡಿಸೋಕೂ ಸೂಜಿ ಬಂದಿದೆಯಾ?" ಅಂದೆ. ಅವರು ಪೆದ್ದುಪೆದ್ದಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ಸಂಜೆ ಹೊತ್ತು ಆಡಿದ ಮೊದಲ ಮಾತು ಅದು. ಎಷ್ಟು ಸುಖವಾಯಿತು ಅಂತೀರಾ!

ಆಮೇಲೆ ಆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದ್ದನ್ನು ನಾನು ಒಂದಕ್ಷರ ಮರೆತಿಲ್ಲ. ಮರೆತವರು ಬೇರೆ ಇದ್ದಾರೆ.

ಸ್ನಾಯುವಿನ ಕಣದ ಮೈಮೇಲೆ, ನರ ಬಂದು ಮುಟ್ಟುವ ಜಾಗದಲ್ಲಿ, ರಿಸೆಪ್ಟರ್ ಅಂತ ಇರುತ್ತವಂತೆ. ನರ ಒಂದು ರಸಾಯನವನ್ನು ಚಿಮ್ಮಿಸುತ್ತದೆ, ರಿಸೆಪ್ಟರುಗಳು ಅದನ್ನು ಹಿಡಿದುಕೊಂಡರೆ ಸ್ನಾಯು ಕೆಲಸ ಮಾಡುತ್ತದೆ. ಅವು ಅಲ್ಲೊಂದು ಇಲ್ಲೊಂದು ಚದುರಿಕೊಂಡಿದ್ದರೆ ಉಪಯೋಗವಿಲ್ಲ. ನರದ ತುದಿಯ ಎದುರಿಗೇ ಗುಂಪಾಗಿ, ಒತ್ತೊತ್ತಾಗಿ ಇರಬೇಕು. "ನಿಮಗೆ ಆಗಿರೋದು ಇಷ್ಟು. ರೋಗಾಣುಗಳ ಮೇಲೆ ಬೀಳಬೇಕಾದ ಒಂದು ವಸ್ತು, ರಕ್ತದಲ್ಲಿ ಹುಟ್ಟಿ, ದಾರಿತಪ್ಪಿ ನಿಮ್ಮ ರಿಸೆಪ್ಟರುಗಳ ಮೇಲೇ ಬಿದ್ದಿದೆ. ಅದಕ್ಕೆ ಎರಡು ಕೈ. ಒಂದೊಂದು ಕೈಗೆ ಒಂದೊಂದು ರಿಸೆಪ್ಟರು ಹಿಡಿದು ಜೋಡಿ ಹಾಕುತ್ತೆ. ಹಾಗೆ ಜೋಡಿಬಿದ್ದವನ್ನು ಕಣ ಬೇಗಬೇಗ ಒಳಕ್ಕೆ ಎಳಕೊಂಡು ಅರಗಿಸಿಬಿಡುತ್ತೆ. ಒಂದೇ ಕೈ ಇದ್ದಿದ್ದರೆ ಇಷ್ಟು ಹಾನಿ ಆಗ್ತಿರಲಿಲ್ಲ. ಈಚೆಗೆ ತಿಳಿದುಬಂದಿರೋ ವಿಷಯ ಇದು" ಅಂದರು.

ಅಪ್ಪನಿಗೆ ಥಟ್ಟನೆ ಹೊಳೆಯಿತು. "ಎರಡೆರಡು ತೆಂಗಿನಕಾಯಿಗೆ ಸಿಪ್ಪೆಯ ನಾರಲ್ಲೇ ಗಂಟು ಹಾಕ್ತೀವಲ್ಲಮ್ಮ, ಹೊರೋಕೆ ಸಲೀಸು ಅಂತ, ಹಂಗೆ" ಅಂದರು. ಗಂಟುಮುಖದ ಡಾಕ್ಟರು ಅದೊಂದೇ ಸಲ ನಕ್ಕದ್ದು.

ನಮ್ಮ ಮನೆಯದೂ ಅದೇ ಕಥೆ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮಗನೊಬ್ಬನೇ ಸಿಕ್ಕಿದರೆ ಅರ್ಧ ಮಾತಾದರೂ ಕೇಳುವ ಪ್ರಾಣಿ. ತಾಯಿಯ ಜೊತೆ ಗಂಟು ಬಿದ್ದರೆ ಇಬ್ಬರೂ ಒಟ್ಟಿಗೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮಾತ್ರೆಯ ವಿಷಯಕ್ಕೆ ಬಂದಾಗ ಡಾಕ್ಟರು ಬೆರಳು ಎತ್ತಿ ಹೇಳಿದರು. "ನರ ಚಿಮ್ಮಿಸಿದ ರಸಾಯನ ಬೇಗ ಹಾಳಾಗದ ಹಾಗೆ ಈ ಮಾತ್ರೆ ತಡೆಯುತ್ತೆ. ಉಳಿದಿರೋ ರಿಸೆಪ್ಟರುಗಳಿಗೆ ಅದನ್ನ ಹಿಡಿಯೋಕೆ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತೆ, ಅಷ್ಟೇ. ಹೊಸ ರಿಸೆಪ್ಟರು ಹುಟ್ಟಿಸೋ ಮಾತ್ರೆ ಅಲ್ಲ ಇದು. ಜಾಸ್ತಿ ನುಂಗಿದರೆ ರಸಾಯನ ಕಟ್ಟಿಕೊಂಡು, ಇರೋ ರಿಸೆಪ್ಟರುಗಳೂ ಮರಗಟ್ಟಿಹೋಗುತ್ತವೆ. ಆಗಲೂ ಸುಸ್ತೇ ಬರೋದು, ನೋಡಿದವರಿಗೆ ಕಾಯಿಲೆ ಜಾಸ್ತಿ ಆದ ಹಾಗೇ ಕಾಣುತ್ತೆ. ಬಾಯಲ್ಲಿ ಜೊಲ್ಲು ಸುರಿದರೆ, ಹೊಟ್ಟೆ ಕಿವುಚಿದರೆ, ಮಾಂಸ ಅದುರಿದರೆ, ಮಾತ್ರೆ ನಿಲ್ಲಿಸಿ ತಕ್ಷಣ ಕರೆತನ್ನಿ. ಇನ್ನೊಂದು ಮಾತ್ರೆ ಕೊಡಬೇಡಿ." ದಿನದ ಮಾತ್ರೆಗಳನ್ನು ಹೊತ್ತುಹೊತ್ತಿಗೆ ಹಂಚಿ ನುಂಗಬೇಕು, ಕೊನೆಯದು ರಾತ್ರಿ ಮಲಗುವಾಗ. ನಮ್ಮನೆಯವರು ಹೂಂ, ಹೂಂ ಅಂತ ತಲೆ ಆಡಿಸಿದರು. ಗಿರಾಕಿ ಬಣ್ಣ ಹೋಗುತ್ತಾ ಅಂತ ಕೇಳಿದಾಗಲೂ ಹಾಗೇ ಆಡಿಸುತ್ತಾರೆ.

ಊರಿಗೆ ಬಂದು ವಿಷಯ ಹೇಳಿದರೆ ಅತ್ತೆ, "ಸೂಜಿ ಚುಚ್ಚಿದರೆ ಯಾರಾದರೂ ಕಣ್ಣು ಬಿಡ್ತಾರೆ" ಅಂದರು. ರಾತ್ರಿ ಮಾತ್ರೆಯ ಮಾತು ಬಂತು ನೋಡಿ, ಸಿಡಿದೆದ್ದರು. "ರಾತ್ರಿ ನೀರಾ? ಈ ಮನೇಲಾ?" ನಾನೇ ಬೆಳಿಗ್ಗೆ ಬಸದಿಗೆ ಹೋಗಿ ಪುರೋಹಿತರನ್ನು ಕರೆದುಕೊಂಡು ಬಂದೆ. ಪಾಪ, ಒಳ್ಳೇ ಮನುಷ್ಯ. "ರೋಗಿಗೆ ವಿನಾಯಿತಿ ಇದೆಯಮ್ಮ, ಔಷಧಕ್ಕೆ ದೋಷವಿಲ್ಲ" ಅಂದರು.

ಅತ್ತೆ ಕೈಮುಗಿದು, "ರೋಗಿಗೆ ತಾನೇ ಸ್ವಾಮಿ? ಸರಿ. ನಮ್ಮ ಮನೇಲಿ ರೋಗಿ ಯಾರೂ ಇಲ್ಲ" ಅಂದರು.

ಅಲ್ಲಿಗೆ ಮುಗಿಯಿತು. ಮಾತ್ರೆಯ ಡಬ್ಬಿ ಅತ್ತೆಯ ಬೀರುವಿಗೆ ಹೋಯಿತು, ಬೀಗದಕೈ ಅವರ ಸೊಂಟಕ್ಕೆ. ಸಂಜೆ ಊಟಕ್ಕೆ ಮುಂಚೆ ಸಂಜೆಯದನ್ನೂ ರಾತ್ರಿಯದನ್ನೂ ಒಟ್ಟಿಗೇ ಕೈಗೆ ಹಾಕುತ್ತಿದ್ದರು. "ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ. ನುಂಗು, ಬಿಸಿಲು ಹೋಗ್ತಿದೆ." ಮಾತ್ರೆ ಅಂದರೆ ಅವರಿಗೆ ಅವಲಕ್ಕಿ. ನುಂಗಿದ ಮೇಲೆ ಹೊಟ್ಟೆ ಕಿವುಚುತ್ತಿತ್ತು, ಬೆಳಗಿನ ಜಾವ ಮತ್ತೆ ಕೈಕಾಲು ಬೀಳುತ್ತಿತ್ತು. ಬೆಳಿಗ್ಗೆ ಮಾತ್ರೆ ನುಂಗಿ ನಾನು ಕೂಗಾಡುತ್ತಿದ್ದೆ. ಸಂಜೆ ಅವರು ಗೆಲ್ಲುತ್ತಿದ್ದರು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ನಮ್ಮವರಿಗೆ ಅದಕ್ಕಿಂತ ದೊಡ್ಡ ದಿನಗಳಿಲ್ಲ. ಅತ್ತೆಯ ಲೆಕ್ಕದಲ್ಲಿ ಮನೆಯವರೆಲ್ಲ ಒಪ್ಪೊತ್ತು ಮಾಡಬೇಕು. ಮಧ್ಯಾಹ್ನ ಒಂದೇ ಊಟ, ನೀರೂ ಆಗಲೇ, ಆಮೇಲೆ ಮಾರನೇ ಮಧ್ಯಾಹ್ನದವರೆಗೆ ಏನೂ ಇಲ್ಲ. ಹೋದ ವರ್ಷ ನಾನು ಮಾಡಿರಲಿಲ್ಲವೆಂದು ಬಸದಿಯ ಹೆಂಗಸರ ಮುಂದೆ ಅವರಿಗೆ ತಲೆ ತಗ್ಗಿತ್ತಂತೆ. ಈ ಸಲ ಊಟದ ಎಲೆಯ ಪಕ್ಕದಲ್ಲಿ ದಿನದ ಮಾತ್ರೆಗಳನ್ನೆಲ್ಲ ಸಾಲಾಗಿ ಇಟ್ಟರು. "ಈಗ ತಗೊಂಡರೆ ಉಂಟು. ಇಲ್ಲದಿದ್ದರೆ ನಾಳೆಯೇ" ಅಂದರು. ನಾನು ರಂಪ ಮಾಡಿದೆ. ನಮ್ಮನೆಯವರನ್ನು ಕರೆದೆ. "ಡಾಕ್ಟರು ಏನಂದ್ರು? ಹೇಳ್ರೀ, ನೀವೇ ಕೂತಿದ್ರಲ್ಲ!" ಅಂದೆ. ಅವರು ತಾಯಿಯ ಮುಖ ನೋಡಿ, "ಇವತ್ತೊಂದು ದಿನ ಹೊಂದಿಕೋ ಕಣೇ" ಅಂದರು. ಥೂ! ಮಾತ್ರೆ ಇಲ್ಲದ ದಿನ ಹೇಗಿರುತ್ತದೆ ಅಂತ ಹುಲಿಕೆರೆಯ ಮೆಟ್ಟಿಲ ಮೇಲೆ ಕಂಡಿದ್ದೆ. ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ನೀರು ಕುಡಿದೆ.

ಸ್ವಲ್ಪ ಹೊತ್ತಿಗೇ ಬಾಯಿತುಂಬಾ ನೀರು. ಉಗುಳಿದಷ್ಟೂ ಬರುತ್ತಿತ್ತು. ಹೊಟ್ಟೆಯೊಳಗೆ ಬಟ್ಟೆ ಹಿಂಡಿದ ಹಾಗೆ. ತೋಳಿನ ಮಾಂಸ ತಾನೇ ತಾನಾಗಿ ಪಟಪಟ ಅದುರುತ್ತಿತ್ತು. ನನಗೆ ಅಲ್ಲೇ ಗೊತ್ತಾಯಿತು, ಇದು ಕಾಯಿಲೆಯಲ್ಲ, ಮಾತ್ರೆ ಅಂತ. ಹೇಳೋಣ ಅಂದರೆ ನಾಲಿಗೆ ದಪ್ಪನೆ ಕಟ್ಟಿಗೆಯಾಗಿತ್ತು. ಕೈ ಎತ್ತಿ ಸನ್ನೆ ಮಾಡೋಣ ಅಂದರೆ ಕೈ ಏಳಲಿಲ್ಲ. ಕತ್ತು ನಿಲ್ಲದೆ ಚಾಪೆಯ ಮೇಲೆ ಬಿದ್ದುಕೊಂಡೆ. ಅತ್ತೆ ಸೆರಗಿನಿಂದ ನನ್ನ ಬಾಯಿ ಒರೆಸಿ, "ಎಳೇ ಮಗು ಹಂಗೆ ಜೊಲ್ಲು ಸುರಿಸ್ತಾಳಲ್ಲಪ್ಪ" ಅಂದರು. ಅವರ ದನಿಯಲ್ಲಿ ಮೊದಲ ಸಲ ಸ್ವಲ್ಪ ಹೆದರಿಕೆ ಇತ್ತು.

ನಮ್ಮನೆಯವರು ಅಂಗಡಿಯಿಂದ ಬಂದು ನೋಡಿ ಬೇಲೂರಿಗೆ ಓಡಿದರು, ಅದೇ ಹಿಸ್ಟೀರಿಯಾ ಡಾಕ್ಟರ ಹತ್ತಿರ. ಜೊಲ್ಲಿನ ವಿಷಯ ಹೇಳಿದರೋ? ಇಲ್ಲ. ಹೊಟ್ಟೆ ಕಿವುಚುವುದು? ಅದೂ ಇಲ್ಲ. ಮಧ್ಯಾಹ್ನ ಎಲ್ಲ ಮಾತ್ರೆ ಒಟ್ಟಿಗೆ ನುಂಗಿಸಿದ್ದು? ರಾಮ ರಾಮ! "ಸುಸ್ತು ಜಾಸ್ತಿ ಆಗಿದೆ" ಅಂದರಂತೆ, ಅಷ್ಟೇ. ಡಾಕ್ಟರು ಕೂತಲ್ಲಿಂದಲೇ, "ಸುಸ್ತಿಗೆ ತಾನೇ ಆ ಮಾತ್ರೆ? ಇನ್ನೆರಡು ಕೊಡಿ" ಅಂದರಂತೆ. ಒಬ್ಬನಿಗೆ ಹೇಳಲು ಬರುವುದಿಲ್ಲ, ಇನ್ನೊಬ್ಬನಿಗೆ ಕೇಳಲು ಬರುವುದಿಲ್ಲ, ಇಬ್ಬರೂ ಸೇರಿ ನನ್ನ ಜೀವದ ಮೇಲೆ ತೀರ್ಮಾನ ಮಾಡಿದ್ದರು.

ಅವರು ವಾಪಸ್ಸು ಬಂದಾಗ ಅಡಿಗೆಮನೆಯ ಗೋಡೆಯ ಮೇಲೆ ಬಿಸಿಲು ಉಳಿದಿರಲಿಲ್ಲ. ತಾಯಿಯಿಂದ ಬೀಗದಕೈ ಇಸಿದುಕೊಂಡು, ಎರಡು ಮಾತ್ರೆ ತೆಗೆದು, ಲೋಟದಲ್ಲಿ ನೀರು ಹಿಡಿದುಕೊಂಡು ನನ್ನ ಪಕ್ಕ ಕೂತರು. ತಲೆಯ ಕೆಳಗೆ ಕೈ ಹಾಕಿ ಎತ್ತಿದರು. ಅಷ್ಟು ಪ್ರೀತಿಯಿಂದ ಅವರು ನನ್ನನ್ನು ಮುಟ್ಟಿದ್ದೇ ಅಪರೂಪ. ಬೇಡ ಅನ್ನಲು ಬಾಯಿಲ್ಲ. ತುಟಿ ಮುಚ್ಚಿಕೊಳ್ಳಲು ದವಡೆಗೆ ಬಲವಿಲ್ಲ, ತೆರೆದೇ ಇತ್ತು. ಉಸಿರು ಮೇಲುಮೇಲಕ್ಕೇ ಆಡುತ್ತಿತ್ತು. ಮಾತ್ರೆ ಹಿಡಿದ ಬೆರಳು ಹತ್ತಿರ ಬರುವುದನ್ನು ಒಂದು ಕಣ್ಣಿನ ಸಂದಿಯಲ್ಲಿ ನೋಡುತ್ತ, ನಾನು ಸಾಯುತ್ತೇನೆ, ಈ ಪೆದ್ದ ನನ್ನನ್ನು ಪ್ರೀತಿಯಿಂದ ಕೊಲ್ಲುತ್ತಾನೆ ಅಂದುಕೊಂಡೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಅತ್ತೆಯ ದನಿ ಬಂತು. "ಏಯ್, ತಡಿಯೋ!"

ಮರ ನೋಡಿ ಬಂದಿದ್ದರು.

"ಸುಳಿ ಮೇಲಿನ ಬಿಸಿಲು ಹೋಯ್ತು. ಇಡು ಅದನ್ನ."

"ಡಾಕ್ಟರು ಹೇಳಿದ್ದಾರಮ್ಮಾ."

"ಅವರು ಹೇಳ್ತಾರೆ. ಪರ್ವದ ದಿನ, ಅದೂ ಒಪ್ಪೊತ್ತು ಮಾಡಿದವಳಿಗೆ, ಹೊತ್ತು ಮುಳುಗಿದ ಮೇಲೆ ನೀರು ಕುಡಿಸ್ತೀಯಾ? ನಾನು ಬದುಕಿರೋವರೆಗೆ ಈ ಮನೇಲಿ ಅದು ನಡೆಯಲ್ಲ."

"ಅವಳ ಕೈಲಿ ಆಗ್ತಿಲ್ಲ, ನೋಡಮ್ಮ."

"ಆಗದಿದ್ದರೆ ನಾಳೆ ಮಧ್ಯಾಹ್ನ ಕೊಡು."

ತಾಯಿ ಮಗ ಎದುರುಬದುರು ನಿಂತು ವಾದ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಹೊತ್ತಿಗೆ ನಾನು ಯಾರ ಪಕ್ಷ ಇದ್ದೆ ಗೊತ್ತೇ? ಅತ್ತೆಯ ಪಕ್ಷ. ಜಿನೇಶ್ವರಾ, ಈ ಹೆಂಗಸು ಇವತ್ತೊಂದು ದಿನ ಸೋಲದಿರಲಿ ಅಂತ ಒಳಗೊಳಗೇ ಬೇಡಿಕೊಂಡೆ. ಅವರು ಸೋಲುವ ಪೈಕಿಯೇ ಅಲ್ಲ. ನಮ್ಮನೆಯವರು ಎಂದಿನ ಹಾಗೆ ಸೀರೆಯಂತೆ ಮಡಿಸಿಕೊಂಡರು. ಮಾತ್ರೆಗಳನ್ನು ಗೋಡೆಯ ಗೂಡಿನಲ್ಲಿಟ್ಟು, ನೀರನ್ನು ಹಿತ್ತಿಲಿಗೆ ಚೆಲ್ಲಿ ಬಂದರು. ಆಮೇಲೆ ಏನು ತೋಚಿತೋ, ಕಡೇ ಬಸ್ಸಿನವರ ಕೈಲಿ ಅರಸೀಕೆರೆಗೆ ಸುದ್ದಿ ಕಳಿಸಿದರು. ಮದುವೆಯಾದ ಮೇಲೆ ಅವರು ಸ್ವಂತ ಬುದ್ಧಿಯಿಂದ ಮಾಡಿದ ಒಂದು ಕೆಲಸ ಅದು, ಒಪ್ಪಿಕೊಳ್ಳುತ್ತೇನೆ.

ಬೆಳಗಾಗುವಷ್ಟರಲ್ಲಿ ಜೊಲ್ಲು ನಿಂತಿತ್ತು, ಅದುರುವುದು ನಿಂತಿತ್ತು. ಅಪ್ಪ ಬಾಡಿಗೆ ಕಾರು ತಂದು ಮಲಗಿಸಿಕೊಂಡು ಹೊರಟರು. ನಮ್ಮನೆಯವರು ಮುಂದೆ ಕೂತರು. ಅತ್ತೆಯೂ ಹತ್ತಿದರು, ಸೋಗನ್ನು ತಾವೇ ಕಣ್ಣಾರೆ ನೋಡಬೇಕಂತೆ.

ಬೆಂಗಳೂರಿನಲ್ಲಿ ಅದೇ ಗಂಟುಮುಖದ ಡಾಕ್ಟರು. ನನ್ನಿಂದ ಅರ್ಧ, ನಮ್ಮನೆಯವರಿಂದ ಅರ್ಧ ಕೇಳಿಕೊಂಡು ಉರಿದುಬಿದ್ದರು. "ಒಟ್ಟಿಗೆ ನುಂಗಿಸಿದವರು ಯಾರು? ಜೊಲ್ಲು ಸುರಿದರೆ ನಿಲ್ಲಿಸಿ ಅಂತ ನಿಮಗೇ ಹೇಳಿರಲಿಲ್ಲವಾ ನಾನು? ಇನ್ನೆರಡು ಕೊಡೋಕೆ ಹೊರಟಿದ್ದಿರಂತಲ್ಲ! ಅದು ಒಳಗೆ ಹೋಗಿದ್ದರೆ ಉಸಿರಾಡೋ ಸ್ನಾಯುಗಳ ರಿಸೆಪ್ಟರುಗಳೂ ಮರಗಟ್ಟಿ, ಉಸಿರು ನಿಂತುಹೋಗ್ತಿತ್ತು. ತಡೆದದ್ದು ಯಾರು?"

ಅತ್ತೆ ಒಂದು ಹೆಜ್ಜೆ ಮುಂದೆ ಬಂದರು. "ನಾನೇ ಕಣಮ್ಮ."

ಡಾಕ್ಟರು ಅವರ ಕೈ ಹಿಡಿದುಕೊಂಡರು. "ಒಳ್ಳೇ ಕೆಲಸ ಮಾಡಿದಿರಿ. ನಿಮ್ಮ ಸೊಸೆ ಉಳಿದಿದ್ದು ನಿಮ್ಮಿಂದ" ಅಂದರು.

ಅದನ್ನು ನೋಡಲು ನಾನು ಬದುಕಿದ್ದೆನಲ್ಲ! ಹಿಂದಿನ ಮಧ್ಯಾಹ್ನ ದಿನದ ಮಾತ್ರೆಗಳನ್ನೆಲ್ಲ ಎಲೆಯ ಪಕ್ಕ ಸಾಲಾಗಿಟ್ಟ ಕೈಯೂ ಅದೇ. ಅತ್ತೆಯ ಮುಖ ಬಸದಿಯ ಕಂಬದ ಹಾಗೆ ಹೊಳೆಯಿತು. ಡಾಕ್ಟರು ಹೋದ ಮೇಲೆ, ಹೊತ್ತು ಇನ್ನೂ ನೆತ್ತಿ ದಾಟಿರದಿದ್ದರಿಂದ ನನಗೂ ದನಿ ಇತ್ತು, ಕೇಳಿದೆ.

"ಅತ್ತೆ, ಆ ಮಾತ್ರೆಯಿಂದ ನಾನು ಸಾಯ್ತೀನಿ ಅಂತ ನಿಮಗೆ ಗೊತ್ತಿತ್ತಾ?"

"ನನಗೇನು ಗೊತ್ತು? ಹೊತ್ತು ಮುಳುಗಿತ್ತಲ್ಲ."

"ಅದು ಉಳಿಸೋ ಮಾತ್ರೆಯೇ ಆಗಿದ್ದು, ಕೊಡದೆ ನಾನು ಸತ್ತಿದ್ದರೆ?"

ಅತ್ತೆ ನನ್ನ ಹೊದಿಕೆಯನ್ನು ಸರಿಮಾಡಿದರು. ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು. "ಸತ್ತಿದ್ದರೆ ನೇಮದಲ್ಲಿ ಸಾಯ್ತಿದ್ದೆ ಕಣೇ. ಹೆಣ್ಣಿಗೆ ಅದಕ್ಕಿಂತ ಇನ್ನೇನು ಬೇಕು?"

ಅಪ್ಪ ಎದ್ದು ಹೊರಗೆ ಹೋದರು. ನಮ್ಮನೆಯವರು ಹೋಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಿಂತೇ ಇದ್ದರು.

ವಾರಗಳಾದ ಮೇಲೆ ಹಳೇಬೀಡಿಗೆ ಬಂದೆವು. ಅಪ್ಪ ಅರಸೀಕೆರೆಗೇ ಬಾ ಅಂದಿದ್ದರು. ನಾನೇ ಬೇಡ ಅಂದೆ. ಆ ಮನೆಯಲ್ಲೇ, ಅವರೆದುರಿಗೇ ನುಂಗಬೇಕು ಅನ್ನುವ ಹಟ. ಬಂದ ಸಂಜೆ ಊಟವಾಯಿತು, ಅತ್ತೆ ಮರ ನೋಡಿ ಬಂದರು, ದೀಪ ಹಚ್ಚಿದರು. ಡಬ್ಬಿ ಈ ಸಲ ನನ್ನ ಸೆರಗಿನ ಗಂಟಿನಲ್ಲಿತ್ತು. ಮಲಗುವ ಹೊತ್ತಿಗೆ ನಡುಮನೆಯಲ್ಲಿ ಕೂತು ಒಂದು ಮಾತ್ರೆ ಅಂಗೈಗೆ ಹಾಕಿಕೊಂಡೆ. ರೆಪ್ಪೆ ಇಳಿಯಲು ಶುರುವಾಗಿತ್ತು. ನೀರು ಬೇಕು ಅಂತ ಮೂಗಿನಲ್ಲೇ ಹೇಳಿದೆ. ಯಾರೂ ಅಲುಗಲಿಲ್ಲ. ನಾನೇ ಗೋಡೆ ಹಿಡಿದುಕೊಂಡು ಎದ್ದೆ. ಬಿಂದಿಗೆಯಿಂದ ಬಗ್ಗಿಸುವಾಗ ಕೈ ಸೋತು ಅರ್ಧ ನೀರು ನೆಲಕ್ಕೆ ಚೆಲ್ಲಿತು.

"ಹೊತ್ತು ಮುಳುಗಿದೆ" ಅಂದರು ಅತ್ತೆ.

ನಮ್ಮನೆಯವರು ಎದ್ದು ಬಂದರು. ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಇನ್ನೇನು ಹಿತ್ತಿಲಿಗೆ ಚೆಲ್ಲುತ್ತಾರೆ ಅಂದುಕೊಂಡೆ. ಅವರು ಅದನ್ನು ತುಂಬಿಸಿ ತಂದು ನನ್ನ ಬಾಯಿಗೆ ಹಿಡಿದರು. ತಾಯಿಯ ಕಡೆ ನೋಡದೆ, "ಅವಳಿಗೆ ಕಾಯಿಲೆ ಇದೆಯಮ್ಮ" ಅಂದರು.

ಆ ಮನೆಯಲ್ಲಿ ಆ ಮಾತು ಹುಟ್ಟಲು ನಾನು ಸಾಯುವವರೆಗೆ ಹೋಗಿ ಬರಬೇಕಾಯಿತು. ಮೂರು ಶಬ್ದ! ಸೀರೆಯ ಗುಣಗಾನ ಮಾಡಲು ಮುನ್ನೂರು ಆಡುವ ಮನುಷ್ಯ. ಮಾತ್ರೆ ನುಂಗಿದೆ. ನೀರು ಸ್ವಲ್ಪ ಮೂಗಿನಿಂದ ಬಂತು, ಉಳಿದದ್ದು ಒಳಗೆ ಹೋಯಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಲ್ಲಿಂದಲೇ ಅಂದರು.

"ಆ ಲೋಟ ಬೇರೆ ಇಡು."

ಬೇರೆ ಇಟ್ಟೆ. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಸಾಯುವವರೆಗೂ ತಮ್ಮ ನೇಮ ನನ್ನನ್ನು ಉಳಿಸಿದ ಕಥೆ ಹೇಳುತ್ತಲೇ ಇದ್ದರು, ಪಕ್ಕದಲ್ಲಿ ಕೂತು ನಾನು ಕೇಳುತ್ತಲೇ ಇದ್ದೆ. ಲೋಟ ಇನ್ನೂ ಬೇರೆಯೇ ಇದೆ. ರಾತ್ರಿ ಮಾತ್ರೆಗೆ ನಾನು ಬೇರೆ ಯಾವ ಲೋಟವನ್ನೂ ಮುಟ್ಟುವುದಿಲ್ಲ.